ಗೋಧಿಯ ತುಕ್ಕು ರೋಗ: ಶಿಲೀಂಧ್ರದ ಹೊಸ ಪಂಗಡಗಳು ಹುಟ್ಟುವ ಬಗೆ ಮತ್ತು ತಳಿ ಬದಲಾವಣೆಯ ಅಗತ್ಯ

1. ಪೀಠಿಕೆ

ರಾಜ್ಯದಲ್ಲಿ ಗೋಧಿಯನ್ನು ಹಿಂಗಾರು ಹಂಗಾಮಿನಲ್ಲಿ ಮುಖ್ಯವಾಗಿ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಹಾಗೂ ಗದಗ ಜಿಲ್ಲೆಗಳಲ್ಲಿ ಬೆಳೆಯಲಾಗುತ್ತದೆ. ಚಪಾತಿ ಗೋಧಿ, ರವೆಗೆ ಉಪಯುಕ್ತವಾದ ಡ್ಯೂರಮ್ ಗೋಧಿ ಮತ್ತು ಸದಕ ಅಥವಾ ಕಪ್ಲಿ ಎಂದು ಕರೆಯಲ್ಪಡುವ ಡೈಕೋಕಮ್ ಗೋಧಿ, ಈ ಮೂರೂ ಬಗೆಗಳು ಇಲ್ಲಿ ಬೆಳೆಯುತ್ತಿವೆ. ಈ ಬೆಳೆಗೆ ತಗಲುವ ರೋಗಗಳಲ್ಲಿ ಅತ್ಯಂತ ಹಾನಿಕಾರಕವಾದುದು ತುಕ್ಕು ರೋಗ. ಉತ್ತರ ಕರ್ನಾಟಕದಲ್ಲಿ ಇದನ್ನು ಭಂಡಾರ ರೋಗ ಎಂದೂ ಕರೆಯುತ್ತಾರೆ.

ಬಿತ್ತನೆ ಬೀಜಕ್ಕಾಗಿ ಅರ್ಜಿ ಸಲ್ಲಿಸುವ ರೈತರಲ್ಲಿ ಎರಡು ಪ್ರಶ್ನೆಗಳು ಸಾಮಾನ್ಯ. ಕೆಲವು ವರ್ಷಗಳ ಹಿಂದೆ ರೋಗ ನಿರೋಧಕವೆಂದು ಶಿಫಾರಸು ಮಾಡಿದ ತಳಿಗೆ ಈಗ ರೋಗ ಬರುವುದೇಕೆ? ಕೈಗೆ ಹೊಂದಿಕೊಂಡ ತಳಿಯನ್ನು ಬಿಟ್ಟು ಹೊಸ ತಳಿಯನ್ನು ಬಿತ್ತಲು ಸಲಹೆ ನೀಡುವುದೇಕೆ? ತಳಿಯು ತನ್ನ ಗುಣವನ್ನು ಕಳೆದುಕೊಂಡಿರುವುದಿಲ್ಲ, ಬೀಜದಲ್ಲಿಯೂ ದೋಷವಿರುವುದಿಲ್ಲ. ಬದಲಾಗಿರುವುದು ರೋಗಕಾರಕ ಶಿಲೀಂಧ್ರ. ಅದು ಹೇಗೆ ಬದಲಾಗುತ್ತದೆ, ಆ ಬದಲಾವಣೆಯಲ್ಲಿ ಬಿತ್ತನೆಯ ಪಾತ್ರವೇನು ಮತ್ತು ರೈತರು ಕೈಗೊಳ್ಳಬೇಕಾದ ಕ್ರಮಗಳೇನು ಎಂಬ ವಿವರವನ್ನು ಈ ಪುಟದಲ್ಲಿ ನೀಡಲಾಗಿದೆ.

2. ತುಕ್ಕು ರೋಗದ ಬಗೆಗಳು

ಗೋಧಿಗೆ ಮೂರು ಬಗೆಯ ತುಕ್ಕು ರೋಗಗಳು ಬರುತ್ತವೆ. ಮೂರಕ್ಕೂ ಕಾರಣವಾದ ಶಿಲೀಂಧ್ರಗಳು ಪಕ್ಸೀನಿಯಾ ಎಂಬ ಒಂದೇ ವರ್ಗಕ್ಕೆ ಸೇರಿದ್ದರೂ ಬೇರೆ ಬೇರೆ ಪ್ರಭೇದಗಳಾಗಿವೆ.

ಅ) ಕಾಂಡ ತುಕ್ಕು ಅಥವಾ ಕಪ್ಪು ತುಕ್ಕು: ಕಾರಕ ಪಕ್ಸೀನಿಯಾ ಗ್ರಾಮಿನಿಸ್. ಕಾಂಡ, ಎಲೆಯ ಬುಡ ಹಾಗೂ ತೆನೆಯ ಮೇಲೆ ಉದ್ದನೆಯ, ಇಟ್ಟಿಗೆ ಬಣ್ಣದ ಗುಳ್ಳೆಗಳು ಕಾಣಿಸಿಕೊಂಡು, ಸಿಪ್ಪೆ ಹರಿದು ಪುಡಿ ಹೊರಬರುತ್ತದೆ. ಬೆಳೆ ಮಾಗುವ ವೇಳೆಗೆ ಗುಳ್ಳೆಗಳು ಕಪ್ಪಾಗುತ್ತವೆ. ಬೆಚ್ಚಗಿನ ಹವೆ ಇದಕ್ಕೆ ಅನುಕೂಲ.

ಆ) ಎಲೆ ತುಕ್ಕು ಅಥವಾ ಕಂದು ತುಕ್ಕು: ಕಾರಕ ಪಕ್ಸೀನಿಯಾ ಟ್ರಿಟಿಸಿನಾ. ಎಲೆಗಳ ಮೇಲೆ ಚದುರಿದಂತೆ ದುಂಡನೆಯ, ಕಿತ್ತಳೆ ಮಿಶ್ರಿತ ಕಂದು ಗುಳ್ಳೆಗಳು ಕಾಣುತ್ತವೆ.

ಇ) ಪಟ್ಟೆ ತುಕ್ಕು ಅಥವಾ ಹಳದಿ ತುಕ್ಕು: ಕಾರಕ ಪಕ್ಸೀನಿಯಾ ಸ್ಟ್ರೈಫಾರ್ಮಿಸ್. ಎಲೆಯ ನರಗಳಿಗೆ ಸಮಾನಾಂತರವಾಗಿ ಹಳದಿ ಗುಳ್ಳೆಗಳು ಸಾಲುಗಟ್ಟುತ್ತವೆ. ತಂಪು ಹವೆಯನ್ನು ಬಯಸುವ ಇದು ಮುಖ್ಯವಾಗಿ ಉತ್ತರ ಭಾರತದ ಸಮಸ್ಯೆ.

ಕರ್ನಾಟಕದ ಬಯಲು ಪ್ರದೇಶದಲ್ಲಿ ಕಾಂಡ ತುಕ್ಕು ಮತ್ತು ಎಲೆ ತುಕ್ಕು ಮುಖ್ಯವಾದವು. ಈ ಲೇಖನವು ಪ್ರಧಾನವಾಗಿ ಕಾಂಡ ತುಕ್ಕಿಗೆ ಸಂಬಂಧಿಸಿದೆ. ತಡೆಯಿಲ್ಲದೆ ಹರಡಿದಲ್ಲಿ ಕಾಳು ಕಟ್ಟುವ ಹೊತ್ತಿಗೆ ಕಾಂಡವೇ ಮುರಿದು ಬೀಳುವ ಸಂಭವವಿದೆ. 1946-47ರ ಹಂಗಾಮಿನಲ್ಲಿ ಮಧ್ಯ ಭಾರತದ ಗೋಧಿ ಬೆಳೆಯು ಇದೇ ರೋಗದಿಂದ ಭಾರಿ ನಷ್ಟಕ್ಕೆ ಗುರಿಯಾಯಿತು.

3. ಆಶ್ರಯ ಬೆಳೆಗೆ ಹೊಂದಿಕೊಂಡ ಶಿಲೀಂಧ್ರ

ತುಕ್ಕು ಶಿಲೀಂಧ್ರವು ಜೀವಂತ ಸಸ್ಯದ ಮೇಲೆ ಮಾತ್ರ ಬೆಳೆಯಬಲ್ಲದು. ಸಸ್ಯದ ಜೀವಕೋಶವನ್ನು ಕೊಲ್ಲದೆ, ಅದರೊಳಗೆ ಸೇರಿ ಆಹಾರ ಹೀರುವುದು ಇದರ ಜೀವನಕ್ರಮ. ಆದ್ದರಿಂದ ತನ್ನ ಆಶ್ರಯ ಬೆಳೆಯೊಂದಿಗೆ ಇದು ಬಹಳ ಸೂಕ್ಷ್ಮವಾಗಿ ಹೊಂದಿಕೊಂಡಿರಬೇಕಾಗುತ್ತದೆ.

ಈ ಹೊಂದಾಣಿಕೆಯನ್ನು ಮೊದಲು ಸ್ಪಷ್ಟಪಡಿಸಿದವರು ಸ್ವೀಡನ್ನಿನ ವಿಜ್ಞಾನಿ ಯಾಕೋಬ್ ಎರಿಕ್ಸನ್. ನೋಡಲು ಒಂದೇ ತೆರನಾಗಿರುವ ಕಾಂಡ ತುಕ್ಕಿನ ಶಿಲೀಂಧ್ರದಲ್ಲಿ ಗೋಧಿ, ಓಟ್ಸ್ ಮತ್ತು ರೈ ಧಾನ್ಯಗಳಿಗೆ ಹೊಂದಿಕೊಂಡ ಪ್ರತ್ಯೇಕ ವಿಶೇಷ ರೂಪಗಳಿವೆಯೆಂದು ಅವರು 1894ರಲ್ಲಿ ತಿಳಿಸಿದರು. ಗೋಧಿಯ ರೂಪವು ಓಟ್ಸ್ ಬೆಳೆಗೆ ರೋಗ ತರುವುದಿಲ್ಲ. ಜೋಳ, ಸೂರ್ಯಕಾಂತಿ ಹಾಗೂ ಶೇಂಗಾ ಬೆಳೆಗಳಲ್ಲಿ ಕಾಣುವ ತುಕ್ಕು ರೋಗಗಳಂತೂ ಪಕ್ಸೀನಿಯಾ ವರ್ಗದ ಬೇರೆಯೇ ಪ್ರಭೇದಗಳಿಂದ ಬರುವಂಥವು. ಪಕ್ಕದ ಹೊಲದ ಜೋಳದ ತುಕ್ಕು ಗೋಧಿಗೆ ಹರಡುವುದಿಲ್ಲ.

ಗೋಧಿಯ ಮೇಲೆ ಬೆಳೆಯುವ ರೂಪದೊಳಗೆ ಸಹ ಭೇದಗಳಿವೆ. ಅಮೆರಿಕದ ಮಿನ್ನೆಸೋಟದಲ್ಲಿ ಇ.ಸಿ. ಸ್ಟಾಕ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1917ರಿಂದ ಮುಂದೆ ನಡೆಸಿದ ಸಂಶೋಧನೆಯಿಂದ, ಒಂದು ಊರಿನ ಶಿಲೀಂಧ್ರವು ಒಂದು ತಳಿಗೆ ರೋಗ ತಂದರೆ ಇನ್ನೊಂದು ಊರಿನದು ಅದೇ ತಳಿಯ ಮೇಲೆ ನಿಷ್ಫಲವಾಗುತ್ತದೆ ಎಂಬುದು ದೃಢಪಟ್ಟಿತು. ಹೀಗೆ ಯಾವ ತಳಿಗಳಿಗೆ ರೋಗ ತರುತ್ತದೆ, ಯಾವುವಕ್ಕೆ ತರುವುದಿಲ್ಲ ಎಂಬುದರ ಮೇಲೆ ಗುರುತಿಸುವ ಗುಂಪನ್ನು ‘ಪಂಗಡ’ ಎಂದು ಕರೆಯಲಾಗುತ್ತದೆ. ಪಂಗಡಗಳನ್ನು ಗುರುತಿಸಲು ಸ್ಟಾಕ್‌ಮನ್ ಅವರು ಆಯ್ದ 12 ಗೋಧಿ ತಳಿಗಳ ಪೈಕಿ ಭಾರತ ಮೂಲದ ಕಪ್ಲಿಯೂ ಒಂದು. ಬಹುತೇಕ ಪಂಗಡಗಳನ್ನು ತಡೆಯುವ ಶಕ್ತಿಯಿಂದಾಗಿ ಈ ಗೋಧಿಯು ವಿಶ್ವದ ಪ್ರಯೋಗಶಾಲೆಗಳಲ್ಲಿ ಪರಿಚಿತವಾಯಿತು.

4. ತಳಿಯ ನಿರೋಧಕ ಶಕ್ತಿ ಎಂದರೇನು

ಅಮೆರಿಕದ ಎಚ್.ಎಚ್. ಫ್ಲೋರ್ ಅವರು ಅಗಸೆ ಬೆಳೆಯ ತುಕ್ಕು ರೋಗವನ್ನು ಅಭ್ಯಸಿಸಿ, 1940ರ ದಶಕದಲ್ಲಿ ಒಂದು ನಿಯಮವನ್ನು ಕಂಡುಕೊಂಡರು. ಬೆಳೆಯಲ್ಲಿರುವ ಪ್ರತಿಯೊಂದು ನಿರೋಧಕ ವಂಶವಾಹಿಗೆ ಪ್ರತಿಯಾಗಿ ಶಿಲೀಂಧ್ರದಲ್ಲಿಯೂ ಒಂದು ವಂಶವಾಹಿ ಇರುತ್ತದೆ ಎಂಬುದೇ ಆ ನಿಯಮ. ಗೋಧಿಯ ತುಕ್ಕಿಗೂ ಇದು ಅನ್ವಯಿಸುತ್ತದೆ.

ಶಿಲೀಂಧ್ರವು ಸಸ್ಯದ ಕೋಶದೊಳಗೆ ಹಲವು ಪ್ರೋಟೀನುಗಳನ್ನು ಬಿಡುಗಡೆ ಮಾಡಿ ಸಸ್ಯದ ರಕ್ಷಣೆಯನ್ನು ಕುಗ್ಗಿಸುತ್ತದೆ. ಅವುಗಳಲ್ಲಿ ಒಂದನ್ನು ಸಸ್ಯದ ನಿರೋಧಕ ವಂಶವಾಹಿಯು ಗುರುತಿಸಿದರೆ, ಸೋಂಕು ತಗುಲಿದ ಕೋಶವು ತಾನೇ ಸಾಯುತ್ತದೆ. ಜೀವಂತ ಕೋಶ ಸಿಗದೆ ಶಿಲೀಂಧ್ರವೂ ಅಲ್ಲಿಯೇ ನಿಲ್ಲುತ್ತದೆ. ಕಾವಲುಗಾರನು ಒಬ್ಬ ಕಳ್ಳನ ಮುಖವನ್ನು ಮಾತ್ರ ಬಲ್ಲವನಾಗಿದ್ದರೆ ಹೇಗೋ ಹಾಗೆಯೇ ಇದು. ಆ ಮುಖ ಬದಲಾದರೆ ಕಾವಲು ನಿರರ್ಥಕವಾಗುತ್ತದೆ.

ಎಸ್‌ಆರ್35 ಮತ್ತು ಎಸ್‌ಆರ್50 ಎಂಬ ನಿರೋಧಕ ವಂಶವಾಹಿಗಳು ಗುರುತಿಸುವ ಶಿಲೀಂಧ್ರದ ಪ್ರೋಟೀನುಗಳನ್ನು 2017ರಲ್ಲಿ ಪತ್ತೆ ಮಾಡಲಾಯಿತು. ಎಸ್‌ಆರ್35ನ್ನು ಮೀರಿದ ಶಿಲೀಂಧ್ರಗಳಲ್ಲಿ ಆ ಪ್ರೋಟೀನನ್ನು ತಯಾರಿಸುವ ವಂಶವಾಹಿಯೊಳಗೆ ಬೇರೆ ತುಣುಕೊಂದು ಸೇರಿ ಅದನ್ನು ಕೆಡಿಸಿರುವುದು ಕಂಡುಬಂದಿತು. ಅಂದರೆ ಶಿಲೀಂಧ್ರವು ಹೊಸ ಶಕ್ತಿಯೇನನ್ನೂ ಗಳಿಸಬೇಕಾಗಿಲ್ಲ. ತನ್ನ ಗುರುತನ್ನು ಕಳೆದುಕೊಂಡರೆ ಸಾಕು.

5. ಹೊಸ ಪಂಗಡಗಳು ಹುಟ್ಟುವ ಮಾರ್ಗಗಳು

ಕಾಂಡ ತುಕ್ಕಿನ ಶಿಲೀಂಧ್ರದ ವಂಶವಾಹಿ ನಕ್ಷೆಯನ್ನು 2011ರಲ್ಲಿ ಪ್ರಕಟಿಸಲಾಯಿತು. ಅದರಲ್ಲಿ 17 ಸಾವಿರಕ್ಕೂ ಹೆಚ್ಚು ವಂಶವಾಹಿಗಳಿರುವುದಾಗಿ ಅಂದಾಜಿಸಲಾಗಿದೆ. ಗೋಧಿಯ ಮೇಲೆ ಬೆಳೆಯುವ ಹಂತದಲ್ಲಿ ಇದರ ಪ್ರತಿ ಕೋಶದಲ್ಲಿ ಎರಡು ಪ್ರತ್ಯೇಕ ಕೋಶಕೇಂದ್ರಗಳಿರುತ್ತವೆ. ಹೀಗಾಗಿ ಪ್ರತಿ ವಂಶವಾಹಿಗೆ ಎರಡು ಪ್ರತಿಗಳು ಇರುತ್ತವೆ. ಹೊಸ ಪಂಗಡಗಳು ಈ ಕೆಳಕಂಡ ನಾಲ್ಕು ಮಾರ್ಗಗಳಲ್ಲಿ ಉಂಟಾಗುತ್ತವೆ.

(1) ಉತ್ಪರಿವರ್ತನೆ: ವಂಶವಾಹಿಯಲ್ಲಿ ಆಕಸ್ಮಿಕವಾಗಿ ಆಗುವ ಬದಲಾವಣೆ. ಗುರುತು ಪೂರ್ಣವಾಗಿ ಮರೆಯಾಗಬೇಕಾದರೆ ಸಾಮಾನ್ಯವಾಗಿ ಎರಡೂ ಪ್ರತಿಗಳು ಬದಲಾಗಬೇಕು. ಒಂದು ಪ್ರತಿ ಮೊದಲೇ ಕೆಟ್ಟಿದ್ದಲ್ಲಿ ಇನ್ನೊಂದು ಬದಲಾವಣೆ ಸಾಕಾಗುತ್ತದೆ. ಇಂತಹ ಘಟನೆ ಅತಿ ವಿರಳ. ಆದರೆ ರೋಗಪೀಡಿತ ಹೊಲವೊಂದರಲ್ಲಿ ಹುಟ್ಟುವ ಬೀಜಾಣುಗಳ ಸಂಖ್ಯೆ ಲೆಕ್ಕಕ್ಕೆ ಸಿಗದಷ್ಟಿರುವುದರಿಂದ ವಿರಳವಾದುದೂ ಘಟಿಸುತ್ತದೆ.

(2) ಲೈಂಗಿಕ ಸಂಯೋಗ: ಈ ಶಿಲೀಂಧ್ರದ ಜೀವನಚಕ್ರಕ್ಕೆ ಗೋಧಿಯಲ್ಲದೆ ಬಾರ್ಬೆರಿ ಎಂಬ ಮುಳ್ಳಿನ ಪೊದೆಯೂ ಆಶ್ರಯವೆಂಬುದನ್ನು ಜರ್ಮನಿಯ ಆಂಟನ್ ಡಿ ಬಾರಿ 1865ರಲ್ಲಿ ತೋರಿಸಿದರು. ಆ ಪೊದೆಯ ಮೇಲೆ ಶಿಲೀಂಧ್ರದ ಲೈಂಗಿಕ ಸಂಯೋಗ ನಡೆಯುವುದನ್ನು ಕೆನಡಾದ ಜೆ.ಎಚ್. ಕ್ರೇಗಿ 1927ರಲ್ಲಿ ಕಂಡುಹಿಡಿದರು. ಅಮೆರಿಕದಲ್ಲಿ 1918ರಿಂದ ಬಾರ್ಬೆರಿ ನಿರ್ಮೂಲನಾ ಕಾರ್ಯಕ್ರಮವನ್ನು ಕೈಗೊಳ್ಳಲಾಯಿತು. ಭಾರತದಲ್ಲಿ ಈ ಪೊದೆಯು ರೋಗದ ಹರಡುವಿಕೆಯಲ್ಲಿ ಪಾತ್ರ ವಹಿಸುವುದು ಕಂಡುಬಂದಿಲ್ಲ.

(3) ಕಾಯಿಕ ಸಂಕರಣ: ಎರಡು ಪಂಗಡಗಳ ಎಳೆಗಳು ಒಂದೇ ಗಿಡದ ಮೇಲೆ ಕೂಡಿ, ಕೋಶಕೇಂದ್ರಗಳನ್ನು ಅದಲುಬದಲು ಮಾಡಿಕೊಳ್ಳುವುದು. ಇದಕ್ಕೆ ಬಾರ್ಬೆರಿಯ ಅಗತ್ಯವಿಲ್ಲ.

(4) ವಲಸೆ: ಬೇರೆ ಪ್ರದೇಶದ ಪಂಗಡವು ಗಾಳಿಯ ಮೂಲಕ, ಅಥವಾ ಪ್ರಯಾಣಿಕರ ಉಡುಪು ಮತ್ತು ಸಾಮಾನುಗಳ ಮೂಲಕ ಬಂದು ಸೇರುವುದು.

ಹೊಸ ಪಂಗಡ ಹುಟ್ಟಿದ ಮಾತ್ರಕ್ಕೆ ಅದು ಹಬ್ಬುವುದಿಲ್ಲ. ಸಾವಿರಾರು ಎಕರೆಯಲ್ಲಿ ಒಂದೇ ನಿರೋಧಕ ವಂಶವಾಹಿಯ ತಳಿ ಇದ್ದಲ್ಲಿ, ಹಳೆಯ ಪಂಗಡಗಳಿಗೆ ಅಲ್ಲಿ ನೆಲೆ ಸಿಗುವುದಿಲ್ಲ, ಹೊಸದಕ್ಕೆ ಮಾತ್ರ ಸಿಗುತ್ತದೆ. ಪೈಪೋಟಿಯಿಲ್ಲದೆ ಅದು ಕೆಲವೇ ಹಂಗಾಮುಗಳಲ್ಲಿ ಪ್ರಧಾನ ಪಂಗಡವಾಗುತ್ತದೆ. ತಳಿಯು ಎಷ್ಟು ಜನಪ್ರಿಯವೋ ಅದರ ನಿರೋಧಕ ಶಕ್ತಿಗೆ ಅಷ್ಟೇ ಅಪಾಯವಿದೆ ಎಂಬುದನ್ನು ರೈತ ಬಾಂಧವರು ವಿಶೇಷವಾಗಿ ಗಮನಿಸಬೇಕು.

6. ನಿದರ್ಶನಗಳು

ಯುಜಿ99: ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್31 ಎಂಬ ವಂಶವಾಹಿಯು ದಶಕಗಳ ಕಾಲ ಕಾಂಡ ತುಕ್ಕನ್ನು ತಡೆದಿತ್ತು. ಭಾರತವೂ ಸೇರಿದಂತೆ ಅನೇಕ ದೇಶಗಳ ತಳಿಗಳು ಇದನ್ನೇ ಅವಲಂಬಿಸಿದ್ದವು. 1998ರಲ್ಲಿ ಪೂರ್ವ ಆಫ್ರಿಕದ ಉಗಾಂಡಾದಲ್ಲಿ ಎಸ್‌ಆರ್31 ಇರುವ ಗೋಧಿಗೂ ರೋಗ ತಗುಲಿರುವುದು ಕಂಡುಬಂದಿತು. ಅದಕ್ಕೆ ಕಾರಣವಾದ ಪಂಗಡವೇ ಯುಜಿ99. ಇದರ ಗುಂಪು ಕೀನ್ಯಾ ಮತ್ತು ಇಥಿಯೋಪಿಯಾಗಳಿಗೆ ಹರಡಿ, 2006ರಲ್ಲಿ ಸುಡಾನ್ ಮತ್ತು ಯೆಮೆನ್‌ಗಳಲ್ಲಿ, 2007ರಲ್ಲಿ ಇರಾನ್‌ನಲ್ಲಿ ಪತ್ತೆಯಾಯಿತು.

ಈ ಪಂಗಡ ಅಲ್ಲಿಗೇ ನಿಲ್ಲಲಿಲ್ಲ. 2006ರಲ್ಲಿ ಎಸ್‌ಆರ್24 ವಂಶವಾಹಿಯನ್ನೂ ಮೀರುವ ರೂಪವು ಕೀನ್ಯಾದಲ್ಲಿ ಕಂಡುಬಂದಿತು. ಆ ವಂಶವಾಹಿಯನ್ನು ಹೊಂದಿ ವ್ಯಾಪಕವಾಗಿ ಬೆಳೆಯುತ್ತಿದ್ದ ‘ಕೀನ್ಯಾ ಮ್ವಾಂಬ’ ತಳಿಯು 2007ರಲ್ಲಿ ತೀವ್ರವಾಗಿ ರೋಗಕ್ಕೆ ತುತ್ತಾಯಿತು. ಮುಂದೆ ಈ ಗುಂಪಿನಲ್ಲಿ ಹತ್ತಕ್ಕೂ ಹೆಚ್ಚು ರೂಪಗಳು ಗುರುತಿಸಲ್ಪಟ್ಟವು.

ಯುಜಿ99 ಹುಟ್ಟಿದ ಬಗೆಯು 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಅದರ ಎರಡು ಕೋಶಕೇಂದ್ರಗಳಲ್ಲಿ ಒಂದು, ಆಸ್ಟ್ರೇಲಿಯದಲ್ಲಿ 1954ರಲ್ಲಿ ಮೊದಲು ಕಂಡುಬಂದಿದ್ದ ಪಂಗಡವೊಂದರ ಕೋಶಕೇಂದ್ರಕ್ಕೆ ಬಹುತೇಕ ತದ್ರೂಪವಾಗಿತ್ತು. ಎರಡರ ನಡುವೆ ವಂಶವಾಹಿಗಳ ಬೆರಕೆ ಕಂಡುಬರಲಿಲ್ಲ, ಇಡೀ ಕೋಶಕೇಂದ್ರವೇ ವರ್ಗಾವಣೆಯಾಗಿತ್ತು. ಮೇಲೆ ತಿಳಿಸಿದ ಮೂರನೆಯ ಮಾರ್ಗವು ಹೊಲದಲ್ಲಿ ನಿಜವಾಗಿ ನಡೆಯುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಪುರಾವೆ.

ಡಿಗಾಲು: ಇಥಿಯೋಪಿಯಾದಲ್ಲಿ ಯುಜಿ99ನ್ನು ತಡೆಯುತ್ತಿದ್ದ ‘ಡಿಗಾಲು’ ತಳಿಯನ್ನು ವಿಸ್ತಾರವಾಗಿ ಬಿತ್ತಲಾಗಿತ್ತು. 2013-14ರಲ್ಲಿ ಯುಜಿ99 ಗುಂಪಿಗೆ ಸೇರದ ಬೇರೊಂದು ಪಂಗಡವು ಆ ತಳಿಯನ್ನು ನಾಶಮಾಡಿತು. ಒಂದು ಪಂಗಡಕ್ಕೆ ನಿರೋಧಕವಾದ ತಳಿಯು ಎಲ್ಲ ಪಂಗಡಗಳಿಗೂ ನಿರೋಧಕವಾಗಿರುವುದಿಲ್ಲ.

ಪಿಬಿಡಬ್ಲ್ಯು 343: ಇದು ಹಳದಿ ತುಕ್ಕಿಗೆ ಸಂಬಂಧಿಸಿದ ಭಾರತದ ನಿದರ್ಶನ. 1995ರಲ್ಲಿ ಬಿಡುಗಡೆಯಾದ ಈ ತಳಿಯು ಉತ್ತಮ ಇಳುವರಿಯಿಂದಾಗಿ ವಾಯವ್ಯ ಭಾರತದ ಬಹುಭಾಗದಲ್ಲಿ ಹಬ್ಬಿತು. 2001ರಲ್ಲಿ ಪತ್ತೆಯಾದ ಹೊಸ ಪಂಗಡವೊಂದು ಅದರ ನಿರೋಧಕ ಶಕ್ತಿಯನ್ನು ಮೀರಿತು. ಕಾಲಕ್ರಮೇಣ ಆ ತಳಿಯ ಬದಲಿಗೆ ಬೇರೆ ತಳಿಗಳನ್ನು ಶಿಫಾರಸು ಮಾಡಬೇಕಾಯಿತು.

7. ಕರ್ನಾಟಕಕ್ಕೆ ರೋಗ ಬರುವ ದಾರಿ

ಬೇಸಿಗೆಯ ಬಿಸಿಲಿನಲ್ಲಿ ಹಾಗೂ ಬೆಳೆಯಿಲ್ಲದ ಅವಧಿಯಲ್ಲಿ ಈ ಶಿಲೀಂಧ್ರವು ಬಯಲು ಸೀಮೆಯಲ್ಲಿ ಬದುಕಿ ಉಳಿಯುವುದಿಲ್ಲ. ಹಾಗಾದರೆ ಪ್ರತಿವರ್ಷ ರೋಗ ಎಲ್ಲಿಂದ ಬರುತ್ತದೆ? ಆಗ್ರಾ ಕಾಲೇಜಿನ ಪ್ರೊ. ಕೆ.ಸಿ. ಮೆಹ್ತಾ ಅವರು ದೀರ್ಘಕಾಲ ಅಭ್ಯಾಸ ಮಾಡಿ ಈ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ತಂಪು ಹವೆಯ ಕಾರಣ ಗೋಧಿ ಗಿಡಗಳೂ ರೋಗವೂ ವರ್ಷವಿಡೀ ಉಳಿಯುತ್ತವೆ, ಅಲ್ಲಿಂದ ಬೀಜಾಣುಗಳು ಗಾಳಿಯಲ್ಲಿ ಬಯಲಿಗೆ ಬರುತ್ತವೆ ಎಂದು ಅವರು ನಿರೂಪಿಸಿದರು.

ಮುಂದೆ ಎಸ್. ನಾಗರಾಜನ್ ಮತ್ತು ಸಹೋದ್ಯೋಗಿಗಳು ಕಾಂಡ ತುಕ್ಕಿನ ಬೀಜಾಣುಗಳ ಪಯಣವನ್ನು ಹವಾಮಾನದೊಂದಿಗೆ ಹೋಲಿಸಿ ನೋಡಿ, 1975ರಲ್ಲಿ ‘ಭಾರತೀಯ ಕಾಂಡ ತುಕ್ಕಿನ ನಿಯಮ’ಗಳನ್ನು ರೂಪಿಸಿದರು. ಬಂಗಾಳ ಕೊಲ್ಲಿ ಅಥವಾ ಅರಬ್ಬೀ ಸಮುದ್ರದಲ್ಲಿ ಹುಟ್ಟುವ ವಾಯುಭಾರ ಕುಸಿತವು ಮಧ್ಯ ಭಾರತದತ್ತ ಸಾಗುವುದು, ಅದೇ ಮೊದಲಾದ ಸನ್ನಿವೇಶಗಳಲ್ಲಿ ನೀಲಗಿರಿಯ ಬೀಜಾಣುಗಳು ಉತ್ತರಕ್ಕೆ ಒಯ್ಯಲ್ಪಟ್ಟು ಮಳೆಯೊಂದಿಗೆ ಹೊಲಗಳ ಮೇಲೆ ಇಳಿಯುತ್ತವೆ. ಈ ದಾರಿಯಲ್ಲಿ ಮೊದಲು ಸಿಗುವ ಗೋಧಿ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ರೋಗ ವೃದ್ಧಿಯಾದರೆ ಅದು ಮಹಾರಾಷ್ಟ್ರ ಮತ್ತು ಮಧ್ಯ ಭಾರತಕ್ಕೆ ಮುಂದುವರಿಯಲು ಅವಕಾಶವಾಗುತ್ತದೆ. ಆದ್ದರಿಂದ ರಾಜ್ಯದಲ್ಲಿ ಬಿತ್ತುವ ತಳಿಯು ರಾಜ್ಯಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ನಿರೋಧಕ ತಳಿಗಳು ಇಲ್ಲಿ ತಡೆಗೋಡೆಯಂತೆ ಕೆಲಸ ಮಾಡುತ್ತವೆ.

ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಗೋಧಿ ತಳಿಗಳನ್ನು ಸ್ವಾಭಾವಿಕ ತುಕ್ಕಿಗೆ ಒಡ್ಡಿ ಪರೀಕ್ಷಿಸಲಾಗುತ್ತದೆ. ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರವು ದೇಶದ ವಿವಿಧೆಡೆಯಿಂದ ಬರುವ ಮಾದರಿಗಳಿಂದ ಪಂಗಡಗಳನ್ನು ಗುರುತಿಸಿ, ಅವುಗಳನ್ನು ಸಂರಕ್ಷಿಸುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮೂರೂ ಬಗೆಯ ಗೋಧಿಯ ತಳಿ ಅಭಿವೃದ್ಧಿ ನಡೆಯುತ್ತದೆ.

8. ಬಾಳಿಕೆ ಬರುವ ನಿರೋಧಕ ಶಕ್ತಿ

ಎಲ್ಲ ನಿರೋಧಕ ವಂಶವಾಹಿಗಳೂ ಬೇಗನೆ ಸೋಲುವುದಿಲ್ಲ. ಅಮೆರಿಕದ ಇ.ಎಸ್. ಮ್ಯಾಕ್‌ಫ್ಯಾಡನ್ ಅವರು ಡೈಕೋಕಮ್ ಗೋಧಿಯ ಒಂದು ತಳಿಯನ್ನು ಚಪಾತಿ ಗೋಧಿಯೊಂದಿಗೆ ಸಂಕರಿಸಿ ‘ಹೋಪ್’ ಎಂಬ ತಳಿಯನ್ನು 1920ರ ದಶಕದಲ್ಲಿ ನೀಡಿದರು. ಅದರ ಮೂಲಕ ಬಂದ ಎಸ್‌ಆರ್2 ವಂಶವಾಹಿಯು ಇಂದಿಗೂ ಉಪಯುಕ್ತವಾಗಿದೆ. ಅದು ರೋಗವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ಎಲ್‌ಆರ್34 ಎಂಬ ಇನ್ನೊಂದು ವಂಶವಾಹಿಯು ಮೂರೂ ಬಗೆಯ ತುಕ್ಕುಗಳನ್ನು ಇದೇ ರೀತಿ ಭಾಗಶಃ ತಡೆಯುತ್ತದೆ. ಕಪ್ಲಿ ಗೋಧಿಯಿಂದಲೂ ಎಸ್‌ಆರ್13 ಮತ್ತು ಎಸ್‌ಆರ್14 ಮೊದಲಾದ ವಂಶವಾಹಿಗಳು ದೊರೆತಿವೆ.

ಈಗಿನ ತಳಿ ಅಭಿವೃದ್ಧಿಯಲ್ಲಿ ಇಂತಹ ಹಲವು ವಂಶವಾಹಿಗಳನ್ನು ಒಂದೇ ತಳಿಯಲ್ಲಿ ಸೇರಿಸಲು ಪ್ರಯತ್ನಿಸಲಾಗುತ್ತಿದೆ. ಶಿಲೀಂಧ್ರವು ಅವೆಲ್ಲವನ್ನೂ ಏಕಕಾಲದಲ್ಲಿ ಮೀರುವ ಸಾಧ್ಯತೆ ಬಹಳ ಕಡಿಮೆ.

9. ರೈತರು ಅನುಸರಿಸಬೇಕಾದ ಕ್ರಮಗಳು

• ಪ್ರಸಕ್ತ ಹಂಗಾಮಿಗೆ ಶಿಫಾರಸು ಮಾಡಿದ ತಳಿಯನ್ನೇ ಆಯ್ಕೆ ಮಾಡುವುದು. ಹಳೆಯ ತಳಿಗೆ ಹಿಂದೆ ರೋಗ ಬಂದಿರಲಿಲ್ಲ ಎಂಬುದು ಮುಂದೆಯೂ ಬರುವುದಿಲ್ಲ ಎಂಬುದಕ್ಕೆ ಖಾತರಿಯಲ್ಲ.
• ಉಳಿತಾಯದ ಹಣವನ್ನೆಲ್ಲ ಒಂದೇ ಕಡೆ ತೊಡಗಿಸದಂತೆ, ಸಾಧ್ಯವಿದ್ದಲ್ಲಿ ಎರಡು ಅಥವಾ ಮೂರು ತಳಿಗಳನ್ನು ಬಿತ್ತುವುದು. ಊರಿನ ಮಟ್ಟದಲ್ಲಿಯೂ ತಳಿ ವೈವಿಧ್ಯವನ್ನು ಕಾಪಾಡಿಕೊಳ್ಳುವುದು.
• ಸಕಾಲದಲ್ಲಿ ಬಿತ್ತನೆ ಮಾಡುವುದು. ತಡವಾಗಿ ಬಿತ್ತಿದ ಬೆಳೆಯು ಕಾಳು ಕಟ್ಟುವ ಹಂತದಲ್ಲಿ ಬೆಚ್ಚಗಿನ ಹವೆಗೆ ಸಿಲುಕಿ ಕಾಂಡ ತುಕ್ಕಿಗೆ ಸುಲಭವಾಗಿ ತುತ್ತಾಗುತ್ತದೆ.
• ಶಿಫಾರಸಿಗಿಂತ ಹೆಚ್ಚು ಸಾರಜನಕ ಗೊಬ್ಬರವನ್ನು ಹಾಕದಿರುವುದು.
• ವಾರಕ್ಕೊಮ್ಮೆ ಹೊಲವನ್ನು ಪರಿಶೀಲಿಸುವುದು. ಮೋಡ ಕವಿದ, ಇಬ್ಬನಿ ಬೀಳುವ ದಿನಗಳ ನಂತರ ವಿಶೇಷ ಗಮನ ನೀಡುವುದು.
• ರೋಗ ಕಾಣಿಸಿಕೊಂಡ ಕೂಡಲೇ ಕೃಷಿ ಅಧಿಕಾರಿಗಳ ಸಲಹೆ ಪಡೆದು, ಪ್ರೊಪಿಕೊನಜೋಲ್ 25 ಇ.ಸಿ. ಔಷಧಿಯನ್ನು ಪ್ರತಿ ಲೀಟರ್ ನೀರಿಗೆ 1 ಮಿ.ಲೀ. ಪ್ರಮಾಣದಲ್ಲಿ ಬೆರೆಸಿ ಸಿಂಪಡಿಸುವುದು. ರೋಗ ಮುಂದುವರಿದಲ್ಲಿ 15 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬಹುದು. ಔಷಧಿಯ ಚೀಟಿಯಲ್ಲಿರುವ ಸೂಚನೆಗಳನ್ನು ತಪ್ಪದೆ ಪಾಲಿಸುವುದು.

10. ರೋಗದ ಮಾದರಿಯನ್ನು ಸಲ್ಲಿಸುವ ವಿಧಾನ

ನಿರೋಧಕವೆಂದು ತಿಳಿದ ತಳಿಯಲ್ಲಿ ತುಕ್ಕು ಕಂಡುಬಂದಲ್ಲಿ ಅದು ಹೊಸ ಪಂಗಡದ ಸೂಚನೆಯಾಗಿರಬಹುದು. ಅಂತಹ ಮಾಹಿತಿಯು ಬೇಗನೆ ದೊರೆತಷ್ಟೂ ಮುಂದಿನ ಹಂಗಾಮಿನ ತಳಿ ಶಿಫಾರಸಿಗೆ ಅನುಕೂಲ. ಮಾದರಿ ಸಂಗ್ರಹಿಸುವಾಗ ಈ ಕೆಳಕಂಡ ಅಂಶಗಳನ್ನು ಪಾಲಿಸಲು ಕೋರಲಾಗಿದೆ.

(1) ಹೊಸದಾಗಿ ಗುಳ್ಳೆಗಳೆದ್ದಿರುವ ಎಲೆ ಅಥವಾ ಕಾಂಡದ ಕೆಲವು ತುಂಡುಗಳನ್ನು ಔಷಧಿ ಸಿಂಪಡಣೆಗೆ ಮುನ್ನ ತೆಗೆದುಕೊಳ್ಳುವುದು.
(2) ನೆರಳಿನಲ್ಲಿ ಆರಿಸಿ, ಕಾಗದದ ಲಕೋಟೆಯಲ್ಲಿ ಇಡುವುದು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಮಾದರಿ ಕೊಳೆಯುತ್ತದೆ.
(3) ಲಕೋಟೆಯ ಮೇಲೆ ಗ್ರಾಮ, ತಾಲ್ಲೂಕು, ಜಿಲ್ಲೆ, ತಳಿಯ ಹೆಸರು, ಬಿತ್ತನೆಯ ದಿನಾಂಕ ಮತ್ತು ಸಂಗ್ರಹಿಸಿದ ದಿನಾಂಕವನ್ನು ಬರೆಯುವುದು.
(4) ವಿಳಂಬವಿಲ್ಲದೆ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ತಲುಪಿಸುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತುಕ್ಕು ರೋಗವು ಬೀಜದಿಂದ ಹರಡುತ್ತದೆಯೇ?
ಉತ್ತರ: ಇಲ್ಲ. ಇದು ಗಾಳಿಯಿಂದ ಹರಡುವ ರೋಗ. ಹೊಲಕ್ಕೆ ರೋಗ ಬಂದ ಕಾರಣಕ್ಕೆ ಬೀಜವು ಕಳಪೆಯೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ: ನಿರೋಧಕ ತಳಿಯ ಎಲೆಯ ಮೇಲೆ ಸಣ್ಣ ಒಣ ಚುಕ್ಕೆಗಳು ಕಾಣುತ್ತವೆ. ಇದು ರೋಗವೇ?
ಉತ್ತರ: ಪುಡಿ ಬಾರದ ಸಣ್ಣ ಒಣ ಚುಕ್ಕೆಗಳು ತಳಿಯು ಶಿಲೀಂಧ್ರವನ್ನು ತಡೆದಿರುವ ಗುರುತಾಗಿರಬಹುದು. ಬೆರಳಿನಿಂದ ಉಜ್ಜಿದಾಗ ಬಣ್ಣದ ಪುಡಿ ಹತ್ತಿದರೆ ಮಾತ್ರ ಕೂಡಲೇ ಮಾಹಿತಿ ನೀಡಬೇಕು.

ಪ್ರಶ್ನೆ: ರೋಗ ಬಂದ ಬೆಳೆಯ ಗೋಧಿಯನ್ನು ಆಹಾರಕ್ಕೆ ಬಳಸಬಹುದೇ?
ಉತ್ತರ: ತುಕ್ಕು ಶಿಲೀಂಧ್ರವು ಮನುಷ್ಯರಿಗೆ ಸೋಂಕು ತರುವುದಿಲ್ಲ. ಕಾಳು ಸುಕ್ಕುಗಟ್ಟಿ ತೂಕ ಮತ್ತು ಗುಣಮಟ್ಟ ಕಡಿಮೆಯಾಗುವುದೇ ಮುಖ್ಯ ನಷ್ಟ.

ಪ್ರಶ್ನೆ: ಸದಕ ಗೋಧಿಗೆ ತುಕ್ಕು ಬರುವುದೇ ಇಲ್ಲವೇ?
ಉತ್ತರ: ಡೈಕೋಕಮ್ ಗೋಧಿಯಲ್ಲಿ ಉತ್ತಮ ನಿರೋಧಕ ಶಕ್ತಿಯಿದೆ. ಆದರೆ ಯಾವ ಗೋಧಿಯೂ ಎಲ್ಲ ಪಂಗಡಗಳಿಗೂ ಎಲ್ಲ ಕಾಲಕ್ಕೂ ನಿರೋಧಕವಲ್ಲ. ಈ ಬೆಳೆಯಲ್ಲಿಯೂ ಡಿಡಿಕೆ-1025, ಡಿಡಿಕೆ-1029ರಂತಹ ಸುಧಾರಿತ ತಳಿಗಳನ್ನು ಧಾರವಾಡದಿಂದ ಬಿಡುಗಡೆ ಮಾಡಲಾಗಿದೆ.

ಪ್ರಶ್ನೆ: ಔಷಧಿ ಸಿಂಪಡಿಸಿದರೆ ಸಾಲದೇ, ತಳಿಯನ್ನು ಏಕೆ ಬದಲಿಸಬೇಕು?
ಉತ್ತರ: ಸಿಂಪಡಣೆಯ ಖರ್ಚು ಪ್ರತಿವರ್ಷವೂ ಬರುತ್ತದೆ ಮತ್ತು ಅದರಿಂದ ಒಂದು ಹೊಲಕ್ಕೆ ಮಾತ್ರ ರಕ್ಷಣೆ ದೊರೆಯುತ್ತದೆ. ನಿರೋಧಕ ತಳಿಯ ರಕ್ಷಣೆಗೆ ಪ್ರತ್ಯೇಕ ಖರ್ಚಿಲ್ಲ. ಅದು ಬೀಜಾಣುಗಳ ವೃದ್ಧಿಯನ್ನು ತಡೆಯುವುದರಿಂದ ನೆರೆಯ ಹೊಲಗಳಿಗೂ ಪ್ರಯೋಜನವಾಗುತ್ತದೆ.

12. ಹೆಚ್ಚಿನ ಮಾಹಿತಿಗಾಗಿ

ಪ್ರಸಕ್ತ ಹಂಗಾಮಿನ ಶಿಫಾರಸು ತಳಿಗಳು, ಬಿತ್ತನೆ ಬೀಜದ ಲಭ್ಯತೆ ಹಾಗೂ ಸಹಾಯಧನದ ವಿವರಗಳಿಗಾಗಿ ಸಂಬಂಧಪಟ್ಟ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551ರ ಮೂಲಕವೂ ಕನ್ನಡದಲ್ಲಿ ಸಲಹೆ ಪಡೆಯಬಹುದು. ಬೀಜಕ್ಕಾಗಿ ಅರ್ಜಿ ಸಲ್ಲಿಸುವ ಸಮಯದಲ್ಲಿ ಹಿಂದಿನ ಹಂಗಾಮಿನಲ್ಲಿ ಬಿತ್ತಿದ ತಳಿ ಯಾವುದು, ಅದಕ್ಕೆ ತುಕ್ಕು ಬಂದಿತ್ತೇ ಎಂಬ ವಿವರವನ್ನು ಸಿಬ್ಬಂದಿಗೆ ತಿಳಿಸಿದಲ್ಲಿ ಸೂಕ್ತ ತಳಿಯನ್ನು ಸೂಚಿಸಲು ಸಹಕಾರಿಯಾಗುತ್ತದೆ.